ಎಂಟನೇ ಮಹಡಿಯಲ್ಲಿ ಕೆಂಪಿಗೊಂದು ಕಕ್ಕಸು

ಎಂಟನೇ ಮಹಡಿಯಲ್ಲಿ ನಾಯಿಮರಿ ಸಾಕಲು ಹೊರಟವರಿಗೆ ಮೊದಲು ಗೊತ್ತಾಗುವುದು ತಮ್ಮ ಬಿಲ್ಡಿಂಗಿನ ಲಿಫ್ಟ್ ಎಷ್ಟು ನಿಧಾನ ಅನ್ನುವುದು. ಮರಿ ಮೂಗನ್ನು ನೆಲಕ್ಕೆ ಹಚ್ಚಿ ಒಂದು ಸುತ್ತು ಹೊಡೆಯಿತು ಅಂದರೆ ನಿಮಗೆ ಉಳಿದಿರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಅದನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲು ತೆಗೆದು, ಬಟನ್ ಒತ್ತಿ, ಮೂರನೇ ಮಹಡಿಯಲ್ಲಿ ಯಾರದೋ ಮನೆಯ ಫ್ರಿಜ್ ಹತ್ತಿಸಿಕೊಳ್ಳುತ್ತಾ ನಿಂತ ಲಿಫ್ಟಿಗೆ ಕಾಯುವ ಹೊತ್ತಿಗೆ ನಿಮ್ಮ ಅಂಗಿ ಬೆಚ್ಚಗಾಗಿರುತ್ತದೆ.

ನಮ್ಮ ಕೆಂಪಿ ಬೀದಿನಾಯಿಯ ಮರಿ. ಬೇಸ್‌ಮೆಂಟಿನ ಪಂಪ್ ರೂಮಿನ ಹಿಂದೆ ಹುಟ್ಟಿದವಳು. ಮಳೆ ಶುರುವಾದರೆ ಅಲ್ಲಿಗೆ ನೀರು ನುಗ್ಗುತ್ತದೆ ಅಂತ ಸೆಕ್ಯುರಿಟಿಯವರು ಮರಿಗಳನ್ನೆಲ್ಲ ರಟ್ಟಿನ ಡಬ್ಬಕ್ಕೆ ಹಾಕಿ, ಯಾರಾದರೂ ಸಾಕ್ತೀರಾ ಅಂತ ಬಂದವರನ್ನೆಲ್ಲ ಕೇಳುತ್ತಿದ್ದರು. ಉಳಿದವು ಬೇರೆ ಬೇರೆ ಮನೆ ಸೇರಿದವು, ಕೆಂಪು ಮರಿ ನಮ್ಮ ಮನೆಗೆ ಬಂತು. ಹಲ್ಲು ನೋಡಿದ ಡಾಕ್ಟರು ಎರಡು ತಿಂಗಳು ಇರಬಹುದು ಅಂದರು. ಜೊತೆಗೇ ಒಂದು ಕಟ್ಟಪ್ಪಣೆ: ಲಸಿಕೆ ಪೂರ್ತಿ ಆಗುವವರೆಗೆ ಕೆಳಗೆ ನೆಲಕ್ಕೆ ಬಿಡುವಂತಿಲ್ಲ. ಪಾರ್ವೋ ವೈರಸ್ಸಿನ ಭಯ. ಕಾಯಿಲೆ ಬಂದ ನಾಯಿಯ ಕಕ್ಕದಿಂದ ಮಣ್ಣಿಗೆ ಸೇರಿದರೆ ಅದು ತಿಂಗಳುಗಟ್ಟಲೆ ಹಾಗೇ ಇರುತ್ತದಂತೆ, ಮತ್ತೆ ನಮ್ಮ ಗೇಟಿನ ಆಚೆ ಬೀದಿನಾಯಿಗಳು ಬೇಕಾದಷ್ಟಿವೆ. ಮೂರು ನಾಲ್ಕು ವಾರಕ್ಕೊಂದರಂತೆ ಇಂಜೆಕ್ಷನ್ ಹಾಕಿಸುತ್ತಾ ಮರಿಗೆ 16 ವಾರ ತುಂಬುವವರೆಗೆ ಕಾಯಬೇಕು. ಅಂದರೆ ಅಷ್ಟೂ ದಿನ ಒಂದಕ್ಕೂ ಎರಡಕ್ಕೂ ಮನೆಯೇ ಗತಿ.

ಎರಡು ತಿಂಗಳ ಮರಿ ಎಷ್ಟು ಹೊತ್ತು ತಡೆದುಕೊಳ್ಳಬಲ್ಲದು? ಎಷ್ಟು ತಿಂಗಳೋ ಅಷ್ಟು ಗಂಟೆ, ಹೆಚ್ಚೆಂದರೆ ಮೇಲೊಂದು ಗಂಟೆ ಅನ್ನುವ ಲೆಕ್ಕ ಒಂದಿದೆ. ಅದು ಮಲಗಿದ್ದಾಗಿನ ಲೆಕ್ಕ. ಎದ್ದು ಆಟ ಆಡುತ್ತಿದ್ದರೆ ಅರ್ಧ ಗಂಟೆಗೊಮ್ಮೆ ಕೂಡ ಹೊಯ್ಯುತ್ತದೆ. ಮೊದಲು ನ್ಯೂಸ್‌ಪೇಪರ್ ಹಾಸಿದೆವು. ಕೆಂಪಿ ಅದನ್ನು ಹರಿದು ಹಾಲ್ ತುಂಬಾ ಹಂಚಿದಳು. ಆಮೇಲೆ ಅಂಗಡಿಯಲ್ಲಿ ಸಿಗುವ ಪಪ್ಪಿ ಪ್ಯಾಡ್ ತಂದೆವು, ಮಕ್ಕಳ ಡೈಪರ್ ಬಿಚ್ಚಿ ಹಾಸಿದ ಹಾಗೆ ಇರುತ್ತದಲ್ಲ, ಅದು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಒಂದೊಂದಕ್ಕೂ ಇಪ್ಪತ್ತು ಮೂವತ್ತು ರೂಪಾಯಿ, ದಿನಕ್ಕೆ ನಾಲ್ಕೈದು ಬೇಕು, ಮತ್ತು ಅದನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಹಾಕುವ ಹಾಗಿಲ್ಲ. ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಸ್ಯಾನಿಟರಿ ಕಸ ಅಂತ ಬೇರೆ ಕೊಡಬೇಕು. ಪೌರಕಾರ್ಮಿಕರ ಕೈಗೆ ದಿನಾ ಅಂಥ ಪೊಟ್ಟಣ ಕೊಡುವುದಕ್ಕೆ ನನಗೇ ಮುಜುಗರ.

ರೆಡಿಮೇಡ್ ನಾಯಿ ಟಾಯ್ಲೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಒಂದು ಟ್ರೇ, ಮೇಲೊಂದು ಜಾಲರಿ, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು. ಎರಡು ಸಾವಿರದಿಂದ ಮೇಲೆ. ಅಳತೆ ನೋಡಿದರೆ ಕೆಂಪಿ ಆರು ತಿಂಗಳಿಗೆ ಬೆಳೆದಾಗ ಮುಂದಿನ ಕಾಲು ಟ್ರೇಯಲ್ಲಿ, ಹಿಂದಿನ ಕಾಲು ಹೊರಗೆ. ಹೊಯ್ಯುವುದು ಯಾವ ಕಡೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಅದಕ್ಕೇ ಒಂದು ಭಾನುವಾರ ನಾವೇ ಮಾಡಲು ಕೂತೆವು.

ನಾವು ಅಂದರೆ ನಾನು ಮತ್ತು ಅಮ್ಮ. ಅಮ್ಮ ಅರಸೀಕೆರೆ ಕಡೆಯವಳು, ಒಂದೆರಡು ತಿಂಗಳು ಇದ್ದು ಹೋಗಲು ಬಂದಿದ್ದಳು. ವಿಷಯ ಕೇಳಿದ ಕೂಡಲೇ, "ಮನೆ ಒಳಗೆ ನಾಯಿಗೆ ಕಕ್ಕಸು ಕಟ್ಟಿಸ್ತೀಯೇನೇ? ನಮ್ಮ ಕಾಲದಲ್ಲಿ ಮನುಷ್ಯರದ್ದೇ ಹಿತ್ತಲಲ್ಲಿ ಇರ್ತಿತ್ತು" ಅಂದಳು. ಮಾತು ಸರಿಯೇ. ಹಿತ್ತಲು ಎಲ್ಲಿದೆ ತೋರಿಸಮ್ಮ ಅಂದೆ. ಗೊಣಗಿಕೊಂಡೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಇದನ್ನು ಮಾಡುವವರು ಮೊದಲು ತಲೆ ಕೆಡಿಸಿಕೊಳ್ಳಬೇಕಾದ್ದು ಟ್ರೇ ಬಗ್ಗೆ ಅಲ್ಲ, ಹುಲ್ಲಿನ ಬಗ್ಗೆಯೂ ಅಲ್ಲ. ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದರ ಬಗ್ಗೆ. ಎಲ್ಲರೂ ಬಾಲ್ಕನಿಯಲ್ಲಿ ಇಡುತ್ತಾರೆ. ಗಾಳಿ ಬಿಸಿಲು ಎರಡೂ ಇದೆ, ನಾನೂ ಅಲ್ಲೇ ಇಡೋಣ ಅಂದುಕೊಂಡಿದ್ದೆ. ಟ್ಯಾಪ್ ರಿಪೇರಿಗೆ ಬಂದಿದ್ದ ಪ್ಲಂಬರ್ ಹತ್ತಿರ ಸುಮ್ನೆ ಮಾತಿಗೆ ಹೇಳಿದೆ. "ಬೇಡ ಮೇಡಂ, ನಿಮ್ಮ ಬಿಲ್ಡಿಂಗಲ್ಲಿ ಬಾಲ್ಕನಿ ನೀರು ಮಳೆನೀರಿನ ಪೈಪಿಗೆ ಸೇರತ್ತೆ" ಅಂದರು. ಬೆಂಗಳೂರಿನಲ್ಲಿ ಜಲಮಂಡಳಿ 2009ರಲ್ಲೇ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ ಮೇಲೆ ನಮ್ಮಂಥ ಎಷ್ಟೋ ಕಟ್ಟಡಗಳಲ್ಲಿ ಈ ಪೈಪು ಇಂಗುಗುಂಡಿಗೋ ಸಂಪಿಗೋ ಹೋಗುತ್ತದೆ. ಅಂದರೆ ಕೆಂಪಿಯ ಉಚ್ಚೆ ತೊಳೆದ ನೀರು ಸುತ್ತಿ ಬಳಸಿ ಬಿಲ್ಡಿಂಗಿನ ಕೊಳವೆಬಾವಿ ಪಕ್ಕಕ್ಕೇ ಬರುತ್ತದೆ. ಅದೂ ಅಲ್ಲದೆ ಬಾಲ್ಕನಿ ಅಂಚಿನಿಂದ ಏಳನೇ ಮಹಡಿಯವರು ಒಣಹಾಕಿದ ಬಟ್ಟೆ ಮೇಲೆ ನಾಲ್ಕು ಹನಿ ಬಿದ್ದರೆ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಮಾನ ಹೋಗುತ್ತದೆ. ಅಲ್ಲಿ ಮೊದಲೇ, ನಾಯಿಗಳನ್ನು ಲಿಫ್ಟಿನಲ್ಲಿ ತರಬಾರದು ಅಂತ ಒಬ್ಬರು ಬರೆದಿದ್ದರು. ಹಾಗೆ ತಡೆಯುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಇದೆ. ಆದರೆ ಲಿಫ್ಟ್ ಒದ್ದೆ ಮಾಡಿ ಮಾರ್ಗಸೂಚಿ ತೋರಿಸಲು ಆಗುತ್ತದಾ?

ಹೀಗಾಗಿ ಜಾಗ ಯುಟಿಲಿಟಿಗೆ ಬದಲಾಯಿತು. ಅಡುಗೆಮನೆ ಹಿಂದೆ ವಾಷಿಂಗ್ ಮೆಷಿನ್ ಇಡುವ, ಪಾತ್ರೆ ತೊಳೆಯುವ ಜಾಗ. ಅಲ್ಲಿ ನೆಲದಲ್ಲಿ ನಹನಿ ಟ್ರ್ಯಾಪ್ ಇದೆ, ಅಂದರೆ ಜಾಲರಿ ಮುಚ್ಚಿದ ನೀರಿಳಿಯುವ ತೂತು, ಅದರ ನೀರು ಒಳಚರಂಡಿಗೆ ಹೋಗುತ್ತದೆ. ಟ್ರ್ಯಾಪಿನೊಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರುವುದರಿಂದ ವಾಸನೆ ಮೇಲೆ ಬರುವುದಿಲ್ಲ.

ಸಾಮಾನು ತರಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಪ್ಲಾಸ್ಟಿಕ್ ಅಂಗಡಿಯಲ್ಲಿ ಎರಡಡಿಗೆ ಮೂರಡಿಯ, ಮೂರು ಇಂಚು ಅಂಚಿರುವ ಟ್ರೇ ಮುನ್ನೂರು ರೂಪಾಯಿಗೆ ಸಿಕ್ಕಿತು. ಬಾತ್‌ರೂಮಿನಲ್ಲಿ ಕಾಲು ಜಾರದಿರಲಿ ಅಂತ ಹಾಕುವ, ಒಂದಕ್ಕೊಂದು ಸಿಕ್ಕಿಸುವ ತೂತಿನ ಪ್ಲಾಸ್ಟಿಕ್ ಚೌಕಗಳಿವೆಯಲ್ಲ, ಒಂದಡಿಯವು, ಅವು ಆರು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಷ್‌ಬೇಸಿನ್ನಿನ ತೂತಿಗೆ ಕೂರಿಸುವ ವೇಸ್ಟ್ ಕಪ್ಲಿಂಗ್ ಒಂದು, ಗೇಣುದ್ದ ಪೈಪು, ಸಂದು ಮುಚ್ಚಲು ಮೆತ್ತುವ ಎಂ-ಸೀಲ್ ಒಂದು. ಪ್ಲಾಸ್ಟಿಕ್ ಹುಲ್ಲು ಅಡಿ ಲೆಕ್ಕದಲ್ಲಿ ಮಾರುತ್ತಾರೆ, ಉಳಿದ ಕಟ್ ಪೀಸ್ ಕೇಳಿದರೆ ಕಡಿಮೆಗೆ ಕೊಡುತ್ತಾರೆ. ಇಲ್ಲಿ ಎರಡು ಮಾತು. ಉದ್ದ ಹುಲ್ಲು ನೋಡಲು ಚೆಂದ, ಒಣಗುವುದಿಲ್ಲ. ಗಿಡ್ಡದ್ದೇ ತಗೊಳ್ಳಿ. ಮತ್ತೆ ಹಿಂಭಾಗದ ರಬ್ಬರಿನಲ್ಲಿ ತೂತು ಇದೆಯೋ ಇಲ್ಲವೋ ನೋಡಿ. ಕೆಲವಕ್ಕೆ ಇರುವುದೇ ಇಲ್ಲ. ಅಂಗಡಿಯಲ್ಲೇ ಒಂದು ಲೋಟ ನೀರು ಹುಯ್ದು ನೋಡಿದೆ, ಅವರು ನನ್ನ ಮುಖ ನೋಡಿದರು, ಪರವಾಗಿಲ್ಲ. ಒಂದು ಒಣಗುವಾಗ ಇನ್ನೊಂದು ಹಾಸಲು ಬೇಕು ಅಂತ ಎರಡು ತುಂಡು ತಂದೆ. ಎಲ್ಲ ಸೇರಿ ಸಾವಿರದ ಇನ್ನೂರು ದಾಟಲಿಲ್ಲ.

ನಿಜವಾದ ಹುಲ್ಲು ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಲಾಲ್‌ಬಾಗ್ ಹತ್ತಿರದ ಸಿದ್ದಾಪುರದ ನರ್ಸರಿಗಳಲ್ಲಿ ಹುಲ್ಲಿನ ಹಾಸು ಚಾಪೆಯ ಹಾಗೆ ಸುತ್ತಿ ಕೊಡುತ್ತಾರೆ. ನನ್ನ ಗೆಳತಿಯೊಬ್ಬಳು ಅದನ್ನೇ ತಂದು ಹಾಕಿದ್ದಳು. ನಾಯಿಯ ಉಚ್ಚೆಯಲ್ಲಿ ಸಾರಜನಕ ಜಾಸ್ತಿ, ಒಂದೇ ಜಾಗಕ್ಕೆ ದಿನಾ ಬಿದ್ದರೆ ಗೊಬ್ಬರ ಹೆಚ್ಚಾಗಿ ಹುಲ್ಲು ಸುಟ್ಟುಹೋಗುತ್ತದೆ. ಹಳದಿ ಮಚ್ಚೆ ಶುರುವಾಗಿ ಕೆಲವೇ ವಾರದಲ್ಲಿ ಪೂರ್ತಿ ಒಣಗಿತು. ಉಳಿದದ್ದನ್ನು ಅವಳ ನಾಯಿ ತಿಂದಿತು.

ಟ್ರೇಯ ಒಂದು ಮೂಲೆಗೆ ಕಾಯಿಸಿದ ಕಬ್ಬಿಣದ ಸರಳಿನಿಂದ ತೂತು ಕೊರೆದು ಕಪ್ಲಿಂಗ್ ಕೂರಿಸಿದೆ. ಆ ಮೂಲೆ ಸರಿಯಾಗಿ ಟ್ರ್ಯಾಪಿನ ಮೇಲೇ ಬರುವ ಹಾಗೆ ಟ್ರೇ ಇಟ್ಟರೆ ಪೈಪು ತಿರುಗಿಸುವ ಗೋಜೇ ಇಲ್ಲ. ಕಪ್ಲಿಂಗಿನ ಬಾಯಿ ಮಾತ್ರ ಟ್ರೇ ತಳಕ್ಕಿಂತ ಒಂದೆರಡು ಮಿಲಿಮೀಟರ್ ಎತ್ತರ ನಿಲ್ಲುತ್ತದೆ, ಅಲ್ಲೇ ಉಚ್ಚೆ ನಿಂತು ನಾರುವುದು. ಅದಕ್ಕೆ ಸುತ್ತ ಎಂ-ಸೀಲ್ ಮೆತ್ತಿ ಇಳಿಜಾರು ಮಾಡಿದೆ. ಆಮೇಲೆ ಟ್ರೇ ಕೆಳಗೆ ಇಟ್ಟಿಗೆ ಕೊಟ್ಟೆ.

ಇಲ್ಲಿ ಅಮ್ಮನಿಗೆ ಸುಮ್ಮನಿರಲು ಆಗಲಿಲ್ಲ. "ಕೊಟ್ಟಿಗೆ ನೆಲ ನೋಡಿಲ್ವೇನೇ ನೀನು? ಮುಂದೆ ಗೋದಲಿ ಕಡೆ ಎತ್ತರ, ಹಿಂದಕ್ಕೆ ಇಳಿಜಾರು, ಅಲ್ಲೊಂದು ಕಾಲುವೆ. ಗಂಜಲ ಅದರ ಪಾಡಿಗೆ ಅದು ಹೋಗ್ತಿರಬೇಕು. ಹೋಗ್ಲಿಲ್ಲ ಅಂದ್ರೆ ದನ ಅದರಲ್ಲೇ ಮಲಗತ್ತೆ, ಕೆಚ್ಚಲು ಕೆಡತ್ತೆ" ಅಂದಳು. ನಾನು ಇಟ್ಟ ಇಟ್ಟಿಗೆಯ ಸಮ ಅವಳಿಗೆ ಒಪ್ಪಿಗೆಯಾಗಲಿಲ್ಲ. ಒಡೆದ ಟೈಲ್ಸ್ ಚೂರು ಹುಡುಕಿ ತಂದು, ಎದುರು ಮೂಲೆಗೆ ಒಂದೊಂದೇ ತುಂಡು ಸೇರಿಸುತ್ತಾ, ಒಂದೊಂದು ಸಲಕ್ಕೂ ಲೋಟದಲ್ಲಿ ನೀರು ಹುಯ್ದು, ಕೊನೆಯ ಹನಿಯೂ ತೂತಿಗೆ ಹೋಗುವವರೆಗೆ ಬಿಡಲಿಲ್ಲ. ಬೆಳಗ್ಗೆ ಹಿತ್ತಲಿನ ಮಾತಾಡಿದವಳು ಇವಳೇನಾ ಅನ್ನಿಸಿತು. ಮೇಲೆ ತೂತಿನ ಚೌಕಗಳನ್ನು ಕೂರಿಸಿ, ಹುಲ್ಲು ಹಾಸಿ, ಹತ್ತಲು ಮುಂದೊಂದು ಇಟ್ಟಿಗೆ ಇಟ್ಟ ಮೇಲೆ ಕಕ್ಕಸು ತಯಾರು.

ಕೆಂಪಿ ಬಂದಳು, ಮೂಸಿದಳು, ಹತ್ತಿದಳು, ಸುರುಳಿ ಸುತ್ತಿ ಮಲಗಿಬಿಟ್ಟಳು.

ಕಟ್ಟುವುದು ಸುಲಭ, ಅದು ಏನಕ್ಕೆ ಅಂತ ನಾಯಿಗೆ ತಿಳಿಸುವುದೇ ಕೆಲಸ. ನಾಯಿ ಮೂಗಿನಿಂದ ಓದುತ್ತದೆ. ಹಾಲ್ ನೆಲದ ಮೇಲೆ ಹೊಯ್ದದ್ದನ್ನು ಹತ್ತಿಯಲ್ಲಿ ಒತ್ತಿ ತಂದು ಹುಲ್ಲಿಗೆ ಸವರಿದೆ. ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಕಾಲು ಗಂಟೆಗೆ, ಆಟ ಆಡಿ ಸುಸ್ತಾದಾಗ, ಹೀಗೆ ಹೊಯ್ಯುವ ಹೊತ್ತು ಹೆಚ್ಚುಕಮ್ಮಿ ಗೊತ್ತೇ ಇರುತ್ತದೆ. ಆಗೆಲ್ಲ ಎತ್ತಿ ತಂದು ಅಲ್ಲಿ ಬಿಟ್ಟು, ಯುಟಿಲಿಟಿ ಬಾಗಿಲು ಹಾಕಿಕೊಂಡು ನಾನೂ ಅಲ್ಲೇ ನಿಲ್ಲುತ್ತಿದ್ದೆ. ಅಮ್ಮ "ಸೂಸೂ" ಅನ್ನುತ್ತಿದ್ದಳು, ನನ್ನನ್ನು ಚಿಕ್ಕವಳಿದ್ದಾಗ ಕೂರಿಸಿ ಹೇಳುತ್ತಿದ್ದ ಅದೇ ರಾಗ. ಕೆಲಸ ಆದ ಆ ಕ್ಷಣಕ್ಕೇ ಬೇಯಿಸಿದ ಮೊಟ್ಟೆಯ ಚೂರು. ತಡವಾಗಿ ಕೊಟ್ಟರೆ ಯಾತಕ್ಕೆ ಕೊಟ್ಟರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬೇರೆ ಕಡೆ ಹೊಯ್ದರೆ ಬೈಯುವುದು, ಮೂಗು ತಿಕ್ಕುವುದು ದಯವಿಟ್ಟು ಬೇಡ, ಅದರಿಂದ ಮರಿ ಕಲಿಯುವುದು ಒಂದೇ, ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಹೊಯ್ಯುವುದು. ಕೆಂಪಿಗೆ ಎರಡನೇ ವಾರ ಮುಗಿಯುವಷ್ಟರಲ್ಲಿ ಅರ್ಥವಾಗಿತ್ತು. ಅವಳು ಹೆಣ್ಣು, ಕೂತೇ ಹೊಯ್ಯುವುದರಿಂದ ನಮಗೆ ಸುಲಭ. ಗಂಡು ನಾಯಿ ದೊಡ್ಡದಾದ ಮೇಲೆ ಕಾಲೆತ್ತುತ್ತದೆ, ಅದಕ್ಕೆ ನಡುವೆ ಒಂದು ಪೈಪು ನಿಲ್ಲಿಸಿ ಹುಲ್ಲು ಸುತ್ತಬೇಕು, ಪಕ್ಕದ ಗೋಡೆಗೆ ಶೀಟ್ ಅಂಟಿಸಬೇಕು.

ವಾಸನೆ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ತೊಳೆಯದಿದ್ದರೆ ಖಂಡಿತ ಬರುತ್ತದೆ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ, ಕಣ್ಣು ಚುರುಗುಟ್ಟುವುದು ಅದಕ್ಕೇ. ಅಷ್ಟು ಹೊತ್ತು ಬಿಡಬಾರದು ಅಷ್ಟೆ. ಬೆಳಗ್ಗೆ ಸಂಜೆ ಅರ್ಧ ಬಕೆಟ್ ನೀರು ಹುಯ್ಯುತ್ತೇವೆ. ಅದೂ ಆರ್‌ಒ ಮೆಷಿನ್ ಹೊರಗೆ ಬಿಡುವ ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಜಲಮಂಡಳಿ ಐದು ಸಾವಿರ ದಂಡ ಹಾಕಿತ್ತಲ್ಲ, ಆಗಿನಿಂದ ಆ ನೀರನ್ನು ಬಕೆಟಿಗೆ ಹಿಡಿಯುವುದು ಅಭ್ಯಾಸವಾಗಿದೆ. ವಾರಕ್ಕೊಮ್ಮೆ ಹುಲ್ಲನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ಬಾಲ್ಕನಿ ಬಿಸಿಲಿಗೆ ಹಾಕುತ್ತೇವೆ. ಮಳೆಗಾಲದಲ್ಲಿ ಒಣಗುವುದು ದೊಡ್ಡ ರಗಳೆ, ಫ್ಯಾನ್ ಕೆಳಗೆ ಹರಡಬೇಕು. ಫಿನಾಯಿಲ್ ಹಾಕುವುದಿಲ್ಲ, ನಾಯಿ ಅದರ ಮೇಲೆ ನಿಂತು ಆಮೇಲೆ ಪಾದ ನೆಕ್ಕುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಹತ್ತಿರವೂ ತರಬೇಡಿ, ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಬರುವ ಗಾಳಿ ಮನುಷ್ಯರಿಗೂ ವಿಷ. ಎರಡಕ್ಕೆ ಹೋದದ್ದನ್ನು ಪೇಪರಿನಲ್ಲಿ ಎತ್ತಿ ನಮ್ಮ ಕಮೋಡಿಗೇ ಹಾಕುತ್ತೇವೆ, ಪೇಪರ್ ಅಲ್ಲ, ಅದನ್ನು ಮಾತ್ರ.

ಈಗ ಲಸಿಕೆಯೆಲ್ಲ ಮುಗಿದು ಕೆಂಪಿ ಬೆಳಗ್ಗೆ ಸಂಜೆ ಕೆಳಗೆ ಹೋಗುತ್ತಾಳೆ. ಮನೆಯಲ್ಲಿ ಕಕ್ಕಸಿದೆ ಅಂತ ವಾಕಿಂಗ್ ತಪ್ಪಿಸುವುದು ಸರಿಯಲ್ಲ, ಅವಳಿಗೆ ಬೇಕಾದ್ದು ಮೂಸಲು ನಾಲ್ಕು ಕಂಬ, ಬೈಯಲು ಒಂದು ಬೆಕ್ಕು. ಆದರೆ ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ, ರಾತ್ರಿ ಧೋ ಅಂತ ಮಳೆ ಸುರಿಯುವಾಗ, ಅವಳೇ ಯುಟಿಲಿಟಿಗೆ ಹೋಗಿ ಬರುತ್ತಾಳೆ.

ಮೊನ್ನೆ ಏಳನೇ ಮಹಡಿಯ ಆಂಟಿ ನೋಡಲು ಬಂದಿದ್ದರು. ಅವರ ಲ್ಯಾಬ್ರಡಾರಿಗೆ ವಯಸ್ಸಾಗಿದೆ, ಸೊಂಟ ಹಿಡಿದುಕೊಂಡಿದೆ, ಆಂಟಿಗೆ ಮಂಡಿ ನೋವು. ಇಬ್ಬರಿಗೂ ರಾತ್ರಿ ಕೆಳಗಿಳಿಯಲು ಆಗುವುದಿಲ್ಲ. ಆ ನಾಯಿಗೆ ಇಟ್ಟಿಗೆಯ ಎತ್ತರ ಆಗದು. ಟ್ರೇ ನೆಲಕ್ಕೇ ಕೂರಬೇಕು, ಹತ್ತುವ ಕಡೆ ಅಂಚು ಕೊಯ್ಯಬೇಕು, ನೀರು ಕೆಳಕ್ಕಲ್ಲದೆ ಪಕ್ಕದಿಂದ ಟ್ರ್ಯಾಪಿಗೆ ಬೀಳಬೇಕು, ಮೂರಡಿ ಸಾಲದು, ನಾಲ್ಕಡಿ ಬೇಕು. ಈ ಶನಿವಾರ ಅವರ ಯುಟಿಲಿಟಿ ಅಳತೆ ತೆಗೆದುಕೊಳ್ಳುತ್ತೇವೆ. ಅಮ್ಮ ಊರಿಗೆ ಹೋಗುವುದನ್ನು ಸೋಮವಾರಕ್ಕೆ ಮುಂದೂಡಿದ್ದಾಳೆ, ಇಳಿಜಾರು ನನ್ನ ಕೈಗೆ ಬಿಡಲು ಅವಳಿಗೆ ಧೈರ್ಯವಿಲ್ಲವಂತೆ.