ಅಭ್ಯರ್ಥಿಗೆ ಟೋಪಿ ತರಿಸುವ ಮುಂಚೆ

ಚುನಾವಣೆ ಬಂದಾಗ ಅಭ್ಯರ್ಥಿಗಳ ದಿನದ ಓಡಾಟವನ್ನು ಗೊತ್ತುಮಾಡುವುದು ನನ್ನ ಕೆಲಸ. ಬೆಳಗ್ಗೆ ಯಾವ ಪಾರ್ಕಿಗೆ ಹೋಗಬೇಕು, ಮಧ್ಯಾಹ್ನ ಯಾವ ಅಪಾರ್ಟ್‌ಮೆಂಟ್, ಸಂಜೆ ಯಾವ ಬೀದಿ, ಯಾರ ಮನೆಯಲ್ಲಿ ಕಾಫಿ, ಯಾರನ್ನು ಮುಂಚೆಯೇ ಮಾತಾಡಿಸಿ ಬರಬೇಕು ಅನ್ನುವುದನ್ನೆಲ್ಲ ಹಿಂದಿನ ರಾತ್ರಿ ಕೂತು ಬರೆಯುತ್ತೇವೆ. ಬೆಂಗಳೂರಿನ ಬೇರೆ ಬೇರೆ ಕ್ಷೇತ್ರಗಳಲ್ಲಿ, ಬೇರೆ ಬೇರೆ ಪಕ್ಷದವರಿಗೆ ಈ ಕೆಲಸ ಮಾಡಿದ್ದೇನೆ. ಈಗ ಈ ಕೆಲಸಕ್ಕೆ ಹೊಸ ಹುಡುಗ ಹುಡುಗಿಯರು ತುಂಬಾ ಜನ ಬರುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಭ್ಯರ್ಥಿಗಳು ಅತಿ ಹೆಚ್ಚು ಮುಜುಗರಕ್ಕೆ ಸಿಕ್ಕಿಕೊಳ್ಳುವುದು ಅಲ್ಪಸಂಖ್ಯಾತರ ಬಡಾವಣೆಗಳಿಗೆ ಹೋದಾಗ. ಅಲ್ಲಿನ ಜನ ಕಷ್ಟದವರು ಅಂತಲ್ಲ. ಬೇರೆ ಕಡೆ ಹೋಗುವಾಗ ನಮ್ಮ ತಂಡ ನೀರು, ರಸ್ತೆ, ಟ್ರಾಫಿಕ್ ಬಗ್ಗೆ ಓದಿಕೊಂಡು ಹೋಗುತ್ತದೆ. ಇಲ್ಲಿಗೆ ಹೊರಟಾಗ ಮಾತ್ರ ಮೊದಲ ಪ್ರಶ್ನೆ, ‘ಸರ್ ಏನು ಹಾಕಿಕೊಳ್ಳಬೇಕು, ಏನು ತಿನ್ನಬೇಕು’ ಅಂತ. ಮತದಾರರನ್ನು ಒಂದು ಹಬ್ಬದ ಹಾಗೆ ನೋಡುವುದು ಅಲ್ಲಿಂದಲೇ ಶುರುವಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. 1976ರಲ್ಲಿ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಪ್ರಚಾರ ಮಾಡುತ್ತಿದ್ದರು. ಅಲ್ಲಿನ ಮೆಕ್ಸಿಕನ್ ಮೂಲದವರ ತಿಂಡಿ ತಮಾಲೆಯನ್ನು ಮೇಲಿನ ಜೋಳದ ಸಿಪ್ಪೆ ಬಿಡಿಸದೆ ಕಚ್ಚಿಬಿಟ್ಟರು. ಕ್ಯಾಮೆರಾಗಳು ಎದುರಲ್ಲೇ ಇದ್ದವು. 2017ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವರಾಗಿದ್ದ ಬೋರಿಸ್ ಜಾನ್ಸನ್ ಬ್ರಿಸ್ಟಲ್‌ನ ಗುರುದ್ವಾರದಲ್ಲಿ ನಿಂತು, ಭಾರತಕ್ಕೆ ಹೋಗುವ ವಿಸ್ಕಿಯ ಸುಂಕದ ವಿಷಯ ಮಾತಾಡಿದರು. ಸಿಖ್ಖರ ಪ್ರಾರ್ಥನೆಯ ಜಾಗದಲ್ಲಿ ಮದ್ಯದ ಮಾತು! ಅಲ್ಲಿದ್ದ ಒಬ್ಬ ಹೆಂಗಸು ಎದುರೆದುರೇ ಆಕ್ಷೇಪಿಸಿದರು. ಈ ಇಬ್ಬರಿಗೂ ಸಿಬ್ಬಂದಿ ಕಡಿಮೆ ಇರಲಿಲ್ಲ. ಹೋಗುವ ಜಾಗದ ಬಗ್ಗೆ ಅಲ್ಲಿಯವರನ್ನೇ ಒಂದು ಮಾತು ಕೇಳಿದ್ದರೆ ಎರಡೂ ತಪ್ಪುತ್ತಿದ್ದವು.

ಈಗ ನಮ್ಮೂರಿಗೆ ಬರೋಣ. 2023ರ ವಿಧಾನಸಭಾ ಚುನಾವಣೆ ಘೋಷಣೆಯಾಗಿದ್ದು ಮಾರ್ಚ್ 29ಕ್ಕೆ, ಮತದಾನ ಮೇ 10ಕ್ಕೆ. ರಂಜಾನ್ ಉಪವಾಸ ಅಷ್ಟರಲ್ಲಿ ಶುರುವಾಗಿತ್ತು, ಹಬ್ಬ ಏಪ್ರಿಲ್ 22ಕ್ಕೆ ಬಂತು. ಅದರ ನಡುವೆಯೇ ಏಪ್ರಿಲ್ 7ಕ್ಕೆ ಗುಡ್ ಫ್ರೈಡೇ, 9ಕ್ಕೆ ಈಸ್ಟರ್. ಆಗ ಎಲ್ಲ ಕಡೆಯಿಂದಲೂ ಒಂದೇ ಬೇಡಿಕೆ: ‘ಒಂದು ಇಫ್ತಾರ್ ಹಾಕಿಸಿ, ಒಂದು ಚರ್ಚ್ ಹಾಕಿಸಿ.’

ಇಫ್ತಾರ್, ಅಂದರೆ ಸಂಜೆ ಉಪವಾಸ ಬಿಡುವುದು, ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದೆ ಈ ಮಾತು ಆಡುತ್ತಾರೆ. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರೂವರೆ ಸುಮಾರಿಗೆ. ಬೆಳಗಿನ ಜಾವದಿಂದ ಒಂದು ಹನಿ ನೀರೂ ಕುಡಿಯದವರು ಖರ್ಜೂರ ಇಟ್ಟುಕೊಂಡು ನಮಾಜಿನ ಕರೆಯಾದ ಅಜಾನ್‌ಗೆ ಕಾಯುತ್ತಿರುತ್ತಾರೆ. ಕೊನೆಯ ಆ ಕೆಲವು ನಿಮಿಷ ಪ್ರಾರ್ಥನೆಗೆ ಬಹಳ ಮುಖ್ಯ ಅಂತ ಅವರ ನಂಬಿಕೆ. ಅಜಾನ್ ಆದ ತಕ್ಷಣ ಖರ್ಜೂರ, ನೀರು, ಸ್ವಲ್ಪ ಹಣ್ಣು. ಹಿಂದೆಯೇ ಸೂರ್ಯ ಮುಳುಗಿದ ಹೊತ್ತಿನ ಮಗ್ರಿಬ್ ನಮಾಜ್. ಅದರ ಹೊತ್ತು ಚಿಕ್ಕದು, ಮುಂದೂಡುವ ಹಾಗಿಲ್ಲ. ನಮಾಜ್ ಮುಗಿದ ಮೇಲೆ ಸರಿಯಾದ ಊಟ. ರಾತ್ರಿ ಮತ್ತೆ ರಂಜಾನಿನ ವಿಶೇಷ ತರಾವೀಹ್ ನಮಾಜ್ ಇರುತ್ತದೆ.

ಇದರಲ್ಲಿ ಭಾಷಣಕ್ಕೆ ಜಾಗ ಎಲ್ಲಿದೆ? ಆದರೂ ನಮ್ಮ ಅಭ್ಯರ್ಥಿಗಳು ಕರೆಕ್ಟಾಗಿ ಆರೂ ಇಪ್ಪತ್ತೈದಕ್ಕೆ ಜೀಪು, ಹಾರ, ಜೈಕಾರದ ಸಮೇತ ಬಂದು ಇಳಿಯುತ್ತಾರೆ. ಜನ ದುವಾ ಮಾಡುವ ಹೊತ್ತಿನಲ್ಲಿ ಎದ್ದು ನಿಂತು ಸ್ವಾಗತಿಸಬೇಕಾಗುತ್ತದೆ. ಫೋಟೋದವನು ಬಾಯಿಗೆ ಖರ್ಜೂರ ಇಡುವ ಚಿತ್ರಕ್ಕಾಗಿ ಹಿರಿಯರ ಕೈ ಹಿಡಿದು ನಿಲ್ಲಿಸುತ್ತಾನೆ. ಆಮೇಲೆ ಮೈಕ್ ಬರುತ್ತದೆ. ಹಿಂದೆ ನಮಾಜಿಗೆ ಸಾಲು ನಿಲ್ಲುತ್ತಿರುತ್ತಾರೆ, ಮುಂದೆ ‘ನಾನು ನಿಮ್ಮ ಮನೆಮಗ’ ಅಂತ ಭಾಷಣ. ಟ್ಯಾನರಿ ರಸ್ತೆಯ ಒಂದು ಕಡೆ ಇದನ್ನು ಕಣ್ಣಾರೆ ನೋಡಿದೆ. ಅಲ್ಲಿನ ಹಿರಿಯರೊಬ್ಬರು ಮೆಲ್ಲಗೆ ನನ್ನ ಹತ್ತಿರ ಬಂದು, ‘ಬೇಟಾ, ಮನೆಗೆ ಬಂದವರಿಗೆ ಬೇಡ ಅನ್ನೋಕೆ ಆಗಲ್ಲ. ಆದರೆ ನಮಾಜ್ ಹೋಗ್ತಾ ಇದೆ’ ಅಂದರು. ಅವರ ಮುಖದಲ್ಲಿ ಕೋಪ ಇರಲಿಲ್ಲ, ಸಂಕಟ ಇತ್ತು. ಇವತ್ತಿಗೂ ಅದನ್ನು ನೆನೆದರೆ ನನಗೆ ಬೇಜಾರಾಗುತ್ತದೆ. ಆತಿಥ್ಯ ಮಾಡುವವರ ಒಳ್ಳೆಯತನವನ್ನು ನಾವು ಎಷ್ಟು ಸುಲಭವಾಗಿ ಬಳಸಿಕೊಳ್ಳುತ್ತೇವೆ ಅಲ್ವಾ?

ಹಾಗಾಗಿ ನಾನು ಇಟ್ಟುಕೊಂಡಿರುವ ಪದ್ಧತಿ ಹೀಗಿದೆ. ಇಫ್ತಾರ್‌ಗೆ ಅವರೇ ಕರೆದರೆ ಮಾತ್ರ ಹೋಗುವುದು. ಅರ್ಧ ಗಂಟೆ ಮುಂಚೆ ಹೋಗಿ ಸುಮ್ನೆ ಕೂತುಕೊಳ್ಳುವುದು. ಜೊತೆಗೆ ಇಬ್ಬರಿಗಿಂತ ಜಾಸ್ತಿ ಬೇಡ. ಮೈಕ್ ಬೇಡ. ಅವರು ನಮಾಜಿಗೆ ಎದ್ದಾಗ ಅಭ್ಯರ್ಥಿ ಒಂದು ಪಕ್ಕದಲ್ಲಿ ಕಾಯುವುದು. ಮಾತು ಇದ್ದರೆ ಊಟದ ಹೊತ್ತಿಗೆ, ಅದೂ ಅವರು ಕೇಳಿದರೆ.

ಇನ್ನು ಟೋಪಿ. 2011ರ ಸೆಪ್ಟೆಂಬರ್‌ನಲ್ಲಿ ಅಹಮದಾಬಾದಿನ ಸದ್ಭಾವನಾ ಉಪವಾಸದ ವೇದಿಕೆಯಲ್ಲಿ, ಆಗ ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ಒಬ್ಬ ಇಮಾಮರು ಕೊಟ್ಟ ಟೋಪಿಯನ್ನು ಹಾಕಿಕೊಳ್ಳಲಿಲ್ಲ. ಅದರ ಮೇಲೆ ವರ್ಷಗಟ್ಟಲೆ ಚರ್ಚೆ ನಡೆಯಿತು. ಟೋಪಿ ಹಾಕಿಕೊಂಡ ಬೇರೆ ನಾಯಕರ ಮೇಲೂ ಟೀಕೆ ಬಂದೇ ಬಂತು. ಟಿವಿಯಲ್ಲಿ ಇದು ದೊಡ್ಡ ವಿಷಯ. ಗೋರಿಪಾಳ್ಯದಲ್ಲೋ ಗುರಪ್ಪನಪಾಳ್ಯದಲ್ಲೋ ಮನೆ ಮನೆಗೆ ಹೋದಾಗ ‘ನಿಮ್ಮ ಅಭ್ಯರ್ಥಿ ಟೋಪಿ ಹಾಕಿಕೊಂಡಿದ್ದರಾ’ ಅಂತ ಯಾರೂ ನನ್ನನ್ನು ಕೇಳಿಲ್ಲ. ಕರೆದವರೇ ಪ್ರೀತಿಯಿಂದ ತಲೆಗೆ ಇಟ್ಟರೆ, ಶಾಲು ಹೊದಿಸಿದರೆ, ಅದು ಮರ್ಯಾದೆ. ಹಾಕಿಕೊಳ್ಳುವುದು ಬಿಡುವುದು ಅಭ್ಯರ್ಥಿಯ ಮನಸ್ಸಿಗೆ ಬಿಟ್ಟದ್ದು. ಆದರೆ ನಮ್ಮ ಹುಡುಗರೇ ಶಿವಾಜಿನಗರದ ಅಂಗಡಿಯಿಂದ ಒಂದು ಡಜನ್ ತಂದು ಕಾರಿನಲ್ಲಿ ಇಟ್ಟುಕೊಂಡು, ಗಲ್ಲಿಯ ತುದಿಯಲ್ಲಿ ಹಾಕಿಕೊಂಡು ಇನ್ನೊಂದು ತುದಿಯಲ್ಲಿ ತೆಗೆಯುವುದು ಮರ್ಯಾದೆ ಅಲ್ಲ. ಜನ ಅದನ್ನು ನೋಡುತ್ತಾರೆ. ಮಕ್ಕಳು ಕೂಡ ನೋಡುತ್ತಾರೆ.

ಶುಭಾಶಯದ ಬ್ಯಾನರ್‌ಗಳದ್ದು ಇನ್ನೊಂದು ಕಥೆ. ಗುಡ್ ಫ್ರೈಡೇ ಯೇಸುವನ್ನು ಶಿಲುಬೆಗೇರಿಸಿದ ದಿನ. ಚರ್ಚ್‌ಗಳಲ್ಲಿ ಅವತ್ತು ಗಂಟೆ ಬಾರಿಸುವುದಿಲ್ಲ, ಜನ ಉಪವಾಸ ಇರುತ್ತಾರೆ. ಅದಕ್ಕೆ ‘ಹಾರ್ದಿಕ ಶುಭಾಶಯಗಳು’ ಅಂತ ನಗುಮುಖದ ಫೋಟೋ ಹಾಕಿ ಬ್ಯಾನರ್ ಕಟ್ಟುತ್ತಾರೆ. ಮೊಹರಂಗೂ ಅಷ್ಟೇ. ಜಾನ್ಸನ್ ಮಾರ್ಕೆಟ್ ಹತ್ತಿರದ ಶಿಯಾ ಮುಸ್ಲಿಮರ ಮನೆಗಳಲ್ಲಿ ಅವು ಕರ್ಬಲಾ ಯುದ್ಧದಲ್ಲಿ ಸತ್ತವರಿಗಾಗಿ ಅಳುವ ದಿನಗಳು. ಕ್ಯಾಥೊಲಿಕ್ ಚರ್ಚ್‌ನಲ್ಲಿ ಪರಮಪ್ರಸಾದದ ಸಾಲು ಇರುತ್ತದೆ. ಅದು ನಮ್ಮ ದೇವಸ್ಥಾನದ ಪ್ರಸಾದದ ಹಾಗೆ ಬಂದವರಿಗೆಲ್ಲ ಕೊಡುವುದಲ್ಲ, ದೀಕ್ಷಾಸ್ನಾನ ಪಡೆದು ತಯಾರಾದ ಕ್ಯಾಥೊಲಿಕರಿಗೆ ಮಾತ್ರ. ಗೊತ್ತಿಲ್ಲದೆ ಆ ಸಾಲಿನಲ್ಲಿ ನಿಲ್ಲುವ ಅಭ್ಯರ್ಥಿಯಿಂದ ಪಾದ್ರಿಗೂ ಕಷ್ಟ, ಜನರಿಗೂ ಕಷ್ಟ. ಚಿಕ್ಕಪೇಟೆಯ ಜೈನ ವ್ಯಾಪಾರಿಗಳನ್ನು ರಾತ್ರಿ ಎಂಟಕ್ಕೆ ಊಟದ ಸಭೆಗೆ ಕರೆದ ತಂಡವನ್ನೂ ನೋಡಿದ್ದೇನೆ. ಅವರಲ್ಲಿ ಎಷ್ಟೋ ಜನ ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದೇ ಇಲ್ಲ.

ಇವೆಲ್ಲ ಕೇಳಿದರೆ ಐದು ನಿಮಿಷದಲ್ಲಿ ತಿಳಿಯುವ ವಿಷಯ. ನಾವು ಕೇಳುವುದು ಯಾರನ್ನು ಅನ್ನುವುದೇ ತೊಂದರೆ. ಎಲ್ಲ ಬಡಾವಣೆಯಲ್ಲೂ ಒಬ್ಬ ಮುಖಂಡ ಇರುತ್ತಾರೆ. ‘ಅಣ್ಣ, ಇಲ್ಲಿಯ ಎರಡು ಸಾವಿರ ವೋಟು ನನ್ನ ಮಾತು ಮೀರಲ್ಲ’ ಅನ್ನುತ್ತಾರೆ. ಅವರನ್ನು ಹಿಡಿದರೆ ಕೆಲಸ ಮುಗಿಯಿತು ಅಂತ ತಂಡ ನಂಬುತ್ತದೆ. ಅದನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಒಂದು ಶಿವಾಜಿನಗರವನ್ನೇ ನೋಡಿ. ದಖನಿ ಉರ್ದು ಮಾತಾಡುವವರು, ತಮಿಳು ಮಾತಾಡುವ ಮುಸ್ಲಿಮರು, ಕಛ್ಛಿ ಮೆಮನ್ ವ್ಯಾಪಾರಿಗಳು, ಕೇರಳದ ಮಾಪಿಳ್ಳೆ ಹೋಟೆಲಿನವರು, ಕರಾವಳಿಯ ಬ್ಯಾರಿಗಳು ಎಲ್ಲ ಅಲ್ಲಿ ಸಿಗುತ್ತಾರೆ. ಕ್ರೈಸ್ತರಲ್ಲಿ ತಮಿಳರು, ಕನ್ನಡದವರು, ಕೊಂಕಣಿ ಮಾತಾಡುವ ಮಂಗಳೂರಿನವರು, ಮಲಯಾಳಿಗಳು. ಪ್ರಾರ್ಥನೆ ಯಾವ ಭಾಷೆಯಲ್ಲಿ ನಡೆಯಬೇಕು ಅಂತ ಈ ಊರಿನ ಕ್ಯಾಥೊಲಿಕರೊಳಗೇ ದಶಕಗಳಿಂದ ವಾದ ಇದೆ. ಸೆಪ್ಟೆಂಬರ್ 8ಕ್ಕೆ ಸೇಂಟ್ ಮೇರಿ ಬೆಸಿಲಿಕಾದ ಹಬ್ಬಕ್ಕೆ ಬರುವ ಜನರಲ್ಲಿ ಹಿಂದೂಗಳೂ ತುಂಬಾ ಇರುತ್ತಾರೆ. ಇಷ್ಟೆಲ್ಲ ಜನರ ವೋಟು ಒಬ್ಬರ ಜೇಬಿನಲ್ಲಿ ಇರಲು ಸಾಧ್ಯವೇ?

ಮುಖಂಡರ ಮೂಲಕವೇ ಹೋದರೆ ಹೆಂಗಸರು ಸಿಗುವುದೇ ಇಲ್ಲ. ಕಮಿಟಿಯ ಸಭೆಯಲ್ಲಿ ಎಲ್ಲ ಗಂಡಸರು. ಅದಕ್ಕೇ ತಂಡದ ಒಬ್ಬ ಹೆಣ್ಣುಮಗಳನ್ನು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮನೆಗಳಿಗೆ ಕಳಿಸುತ್ತೇನೆ, ಅಭ್ಯರ್ಥಿ ಇಲ್ಲದೆ. ರಂಜಾನ್‌ನಲ್ಲಿ ಮಧ್ಯಾಹ್ನದ ಮೇಲೆ ಅಡುಗೆಮನೆಯಲ್ಲಿ ಪುರುಸೊತ್ತಿರುವುದಿಲ್ಲ. ನಿಜವಾದ ವಿಷಯಗಳು ನನಗೆ ಸಿಕ್ಕಿರುವುದು ಈ ಭೇಟಿಗಳಿಂದಲೇ.

ಕಾನೂನೂ ಗೊತ್ತಿರಬೇಕು. ಪೂಜೆ ಪ್ರಾರ್ಥನೆಯ ಜಾಗಗಳನ್ನು ಪ್ರಚಾರದ ವೇದಿಕೆ ಮಾಡಬಾರದು ಅಂತ ನೀತಿ ಸಂಹಿತೆ ಹೇಳುತ್ತದೆ. 1951ರ ಜನಪ್ರತಿನಿಧಿ ಕಾಯ್ದೆಯ 123(3) ಪ್ರಕಾರ ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ನಡವಳಿಕೆ. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮದ ಹೆಸರಲ್ಲಿ ಕೇಳಿದರೂ ತಪ್ಪು ಅಂತ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು 4–3 ಬಹುಮತದಲ್ಲಿ ಹೇಳಿತು. ‘ನಿಮ್ಮ ಸಮುದಾಯದ ವೋಟು ನನಗೇ ಬರಬೇಕು’ ಅನ್ನುವ ಸಾಲು ಭಾಷಣದಲ್ಲಿ ಕಂಡರೆ ನಾನು ಹೊಡೆದು ಹಾಕುತ್ತೇನೆ. ಕಾನೂನು ಇಲ್ಲದಿದ್ದರೂ ಹೊಡೆದು ಹಾಕುತ್ತಿದ್ದೆ.

ಜನ ಕೇಳುವುದು ಏನು? ಲಿಂಗರಾಜಪುರದಲ್ಲಿ ಒಬ್ಬ ಅಜ್ಜಿ, ಕ್ರೈಸ್ತರು. ಅಭ್ಯರ್ಥಿ ಒಳಗೆ ಬಂದವರೇ ಗೋಡೆಯ ಮೇಲಿನ ಮಾತೆ ಮರಿಯಮ್ಮನ ಪಟಕ್ಕೆ ಕೈ ಮುಗಿದು, ಯೇಸು ಹೇಳಿದ ಪ್ರೀತಿಯ ಬಗ್ಗೆ ಮಾತು ಶುರು ಮಾಡಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ‘ಕೂತ್ಕೊಳ್ಳಪ್ಪಾ. ಅದೆಲ್ಲ ನಮ್ಮ ಫಾದರ್ ಹೇಳ್ತಾರೆ. ನೀನು ಮೋರಿ ವಿಷಯ ಹೇಳು’ ಅಂದರು. ಮಳೆ ಬಂದರೆ ಮೋರಿ ನೀರು ಅವರ ಅಡುಗೆಮನೆಗೆ ಬರುತ್ತಿತ್ತು. ಆ ಅಭ್ಯರ್ಥಿಯ ಬಗ್ಗೆ ನನಗೆ ಗೌರವ ಬಂದಿದ್ದು ಆಗ. ‘ಅಮ್ಮಾ, ನನಗೆ ಗೊತ್ತಿರಲಿಲ್ಲ, ತೋರಿಸಿ’ ಅಂತ ಎದ್ದು ಅವರ ಹಿಂದೆ ಹೋದರು. ಪಟದ ಮುಂದಿನ ಫೋಟೋ ಆವತ್ತು ಯಾರಿಗೂ ಬೇಕಾಗಲಿಲ್ಲ.

ಬೆಂಗಳೂರಿನಲ್ಲಿ ಜನ ಮೋರಿಯಂಥ ವಿಷಯವನ್ನು ಅಭ್ಯರ್ಥಿಯನ್ನೇ ಕೇಳುವುದಕ್ಕೆ ಒಂದು ಕಾರಣ ಇದೆ. ಆಗ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಕಸ, ಮೋರಿ, ಬೀದಿ ದೀಪ, ಖಾತೆ, ಯಾವುದಕ್ಕೂ ಹತ್ತಿರದಲ್ಲಿ ಕೇಳುವ ಮನುಷ್ಯ ಇರಲಿಲ್ಲ. ವಿಧಾನಸಭೆ, ಲೋಕಸಭೆಯ ಅಭ್ಯರ್ಥಿ ಮನೆಗೆ ಬಂದಾಗಲೇ ಎಲ್ಲ ಹೇಳಿಕೊಳ್ಳಬೇಕಿತ್ತು. ಹೂಳಲು ಜಾಗ ಸಾಲದ ವಿಷಯ ಮುಸ್ಲಿಂ ಮನೆಯಲ್ಲೂ ಬರುತ್ತದೆ, ಕ್ರೈಸ್ತರ ಮನೆಯಲ್ಲೂ ಬರುತ್ತದೆ. ಅದನ್ನು ಹೇಳುವಾಗ ಜನರ ಧ್ವನಿ ಬದಲಾಗುತ್ತದೆ. ಆಗ ಎದುರಿಗೆ ಕೂತವರು ಬಿರಿಯಾನಿ ಚೆನ್ನಾಗಿದೆ ಅನ್ನಬಾರದು.

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವುದು ಮತದಾರರ ಪಟ್ಟಿಯ ವಿಷಯ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಕದ್ದ ಆರೋಪ ಎದ್ದಾಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನು ಮತ್ತೆ ಪರಿಶೀಲಿಸಲು ಚುನಾವಣಾ ಆಯೋಗ ಆದೇಶಿಸಿತ್ತು. ಆಮೇಲೆ ಈ ಭಾಗದ ಮನೆಗಳಿಗೆ ಹೋದಾಗ ಮೊದಲ ಪ್ರಶ್ನೆಯೇ ‘ನಮ್ಮ ಹೆಸರು ಇದೆಯಾ ನೋಡ್ತೀರಾ’ ಅಂತ. ಬಾಡಿಗೆ ಮನೆ ಬದಲಾಯಿಸಿದವರು, ಮದುವೆಯಾಗಿ ಬಂದ ಸೊಸೆಯಂದಿರು, ಹೆಸರಿನ ಅಕ್ಷರ ಹೆಚ್ಚುಕಡಿಮೆಯಾದವರು, ಎಲ್ಲರಿಗೂ ಭಯ. ಹೊಸದಾಗಿ ಸೇರಿಸಲು ನಮೂನೆ 6, ತಿದ್ದುಪಡಿ ಅಥವಾ ವಿಳಾಸ ಬದಲಾವಣೆಗೆ ನಮೂನೆ 8. ಇದನ್ನು ಮಾಡಿಕೊಡಲು ಕೂರುವ ಹುಡುಗರಿಗೆ ಆ ಬೀದಿಯಲ್ಲಿ ಸಿಗುವ ಪ್ರೀತಿ ಯಾವ ಇಫ್ತಾರ್ ಕೂಟದಲ್ಲೂ ಅಭ್ಯರ್ಥಿಗೆ ಸಿಕ್ಕಿದ್ದನ್ನು ನಾನು ನೋಡಿಲ್ಲ. ಆದರೆ ಇದು ಚುನಾವಣೆಗೆ ತಿಂಗಳುಗಟ್ಟಲೆ ಮುಂಚೆ ಆಗಬೇಕಾದ ಕೆಲಸ. ನಾಮಪತ್ರ ಸಲ್ಲಿಸುವ ದಿನ ಹತ್ತಿರ ಬಂದ ಮೇಲೆ ಹೆಸರು ಸೇರಿಸಲು ಆಗುವುದಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 26, ಶುಕ್ರವಾರ ಬಂತು. ಮಧ್ಯಾಹ್ನ ಜುಮ್ಮಾ ನಮಾಜ್, ಮೇಲೆ ಸುಡುವ ಬಿಸಿಲು. ಬೆಳಗ್ಗೆ ಏಳಕ್ಕೆ ಮತಗಟ್ಟೆ ತೆರೆಯುತ್ತದೆ, ಹತ್ತರೊಳಗೆ ಹೋಗಿ ಬನ್ನಿ, ವಯಸ್ಸಾದವರನ್ನು ಮೊದಲು ಕರೆದುಕೊಂಡು ಹೋಗಿ ಅಂತ ಹಿಂದಿನ ವಾರವೇ ಮನೆಮನೆಗೆ ಹೇಳಿ ಬಂದೆವು. ಯಾರಿಗೆ ಹಾಕಿ ಅಂತ ಅದರಲ್ಲಿ ಸೇರಿಸಲಿಲ್ಲ. ‘ಇದನ್ನು ಹೇಳೋಕೆ ಬಂದವರು ನೀವೇ ಮೊದಲು’ ಅಂತ ಒಬ್ಬ ಅಕ್ಕ ಬಾಗಿಲಲ್ಲಿ ನಿಲ್ಲಿಸಿಕೊಂಡು ಶರಬತ್ತು ಕೊಟ್ಟರು.

ಈಗ ನನ್ನ ದಿನಚರಿಯ ಹಾಳೆಯಲ್ಲಿ ಪ್ರತಿ ಭೇಟಿಯ ಮುಂದೆ ಎರಡು ಖಾಲಿ ಚೌಕಗಳಿವೆ. ಹೋಗುವ ಮುಂಚೆ ಅಲ್ಲಿಯವರನ್ನು ಕೇಳಿ ಬಂದವರು ಯಾರು ಅಂತ ಒಂದರಲ್ಲಿ ಬರೆಯಬೇಕು. ಅಲ್ಲಿ ಹೇಳಿದ ದೂರನ್ನು ಯಾವ ಕಚೇರಿಗೆ ಯಾರು ತೆಗೆದುಕೊಂಡು ಹೋಗುತ್ತಾರೆ, ಏನಾಯಿತು ಅಂತ ತಿಳಿಸಲು ಮತ್ತೆ ಆ ಬೀದಿಗೆ ಯಾರು ಹೋಗುತ್ತಾರೆ ಅಂತ ಇನ್ನೊಂದರಲ್ಲಿ. ಎರಡರಲ್ಲೂ ಹೆಸರು ಇಲ್ಲದಿದ್ದರೆ ಅಭ್ಯರ್ಥಿಗೆ ಆ ಭೇಟಿಯನ್ನು ನಾನು ಕೊಡುವುದಿಲ್ಲ. ಇದಕ್ಕಾಗಿ ಜಗಳ ಆಗಿದೆ, ಒಂದು ಕೆಲಸವೂ ಹೋಗಿದೆ. ಹೊಸದಾಗಿ ಬರುವವರು ಯಾರಾದರೂ ಈ ಹಾಳೆಯ ನಮೂನೆ ಬೇಕು ಅಂದರೆ ಖುಷಿಯಿಂದ ಕಳಿಸುತ್ತೇನೆ.