ಅಷ್ಟು ಸಣ್ಣ ಮೀನಿನಿಂದ ಮಿದುಳಿನ ಬಗ್ಗೆ ಏನು ತಿಳಿಯುತ್ತದೆ?

ಮಂಗಳೂರಿನಲ್ಲಿ ಜೀಬ್ರಾ ಮೀನು ಎಂದರೆ ಅಕ್ವೇರಿಯಂ ಅಂಗಡಿಯ ಮೀನು. ಅದರಲ್ಲಿ ಮಿದುಳಿನ ಸಂಶೋಧನೆ ಮಾಡುತ್ತಾರೆ ಎಂದರೆ ಎಲ್ಲರೂ ಕೇಳುವುದು ಒಂದೇ: ಇಲಿ ಬಿಟ್ಟು ಮೀನು ಯಾಕೆ, ಅದಕ್ಕೂ ನಮ್ಮ ತಲೆಗೂ ಏನು ಸಂಬಂಧ?

ಸಂಬಂಧ ಉಂಟು. ಮನುಷ್ಯನ ಸುಮಾರು ಶೇ. 70ರಷ್ಟು ಜೀನ್‌ಗಳಿಗೆ ಈ ಮೀನಿನಲ್ಲಿ ಸಾಟಿ ಜೀನ್ ಇದೆ ಎಂದು 2013ರಲ್ಲೇ ಗೊತ್ತಾಗಿದೆ. ನಮ್ಮಂಥ ಆರು ಪದರದ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಇದಕ್ಕಿಲ್ಲ, ಹಾಗಾಗಿ ಮಾತು, ಓದಿನ ಪ್ರಶ್ನೆಗಳನ್ನು ಇದರ ಮುಂದಿಟ್ಟು ಫಲವಿಲ್ಲ. ಆದರೆ ಬೆಚ್ಚುವುದು, ನಿದ್ದೆ, ಹೆದರಿಕೆ, ಬೇಟೆ ಎಲ್ಲ ಇದೆ. ಮೊಟ್ಟೆ ಪಾರದರ್ಶಕ, ಬೆಳೆಯುವುದು ತಾಯಿಯ ಮೈಯಿಂದ ಹೊರಗೆ. 24 ಗಂಟೆಗೆ ಮಿದುಳಿನ ಭಾಗಗಳು ಸೂಕ್ಷ್ಮದರ್ಶಕದಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಐದನೇ ದಿನಕ್ಕೆ ಮರಿ ಈಜಿ ಬೇಟೆಯಾಡುತ್ತದೆ. ಆಗ ಅದರ ಮಿದುಳಿನಲ್ಲಿರುವುದು ಸುಮಾರು ಒಂದು ಲಕ್ಷ ನರಕೋಶ ಮಾತ್ರ. ಒಂದೇ ಜೀವಿಯಲ್ಲಿ ನರಗಳ ಜೋಡಣೆಯನ್ನೂ ಅದರಿಂದ ಹುಟ್ಟುವ ವರ್ತನೆಯನ್ನೂ ನೋಡಲು ಸಿಗುವುದೇ ಇದರ ನಿಜವಾದ ಬೆಲೆ.

ಮೌತ್ನರ್ ಕೋಶವನ್ನೇ ನೋಡಿ. ಹಿಂಮಿದುಳಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಇರುವ ದೊಡ್ಡ ನರಕೋಶ. ಮರಿ ಇರುವ ತಟ್ಟೆಗೆ ಟಕ್ಕೆಂದು ಬಡಿದರೆ ಒಂದು ಬದಿಯ ಕೋಶ ಸಂಕೇತ ಕಳಿಸಿ, ಎದುರು ಬದಿಯ ಸ್ನಾಯುಗಳು ಬಿಗಿದು, ಮರಿ ಅರ್ಧಚಂದ್ರದಂತೆ ಬಾಗಿ ಓಡುತ್ತದೆ. ಬಾಗುವುದು 15 ಮಿಲಿಸೆಕೆಂಡಿನೊಳಗೆ ಶುರು. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಎರಡು ಚಿತ್ರಗಳ ನಡುವೆಯೇ 33 ಮಿಲಿಸೆಕೆಂಡ್ ಹೋಗುತ್ತದೆ, ಏನೂ ಸಿಗುವುದಿಲ್ಲ. ಇದಕ್ಕೆ ಸೆಕೆಂಡಿಗೆ 1000 ಚಿತ್ರ ಬೇಕು.

ಕೆಲಸ ಹಾಳಾಗುವುದು ಹೆಚ್ಚಾಗಿ ಮಿದುಳಿನ ತನಕ ಹೋಗುವ ಮೊದಲೇ, ಉಷ್ಣತೆಯಲ್ಲಿ. ಬೆಳವಣಿಗೆಯ ಲೆಕ್ಕವೆಲ್ಲ 28.5 ಡಿಗ್ರಿಗೆ. ಎಸಿ ಕೋಣೆಯಲ್ಲಿ ನೀರು 25ಕ್ಕೆ ಇಳಿದರೆ ವೇಗ ಸುಮಾರು ಶೇ. 80ಕ್ಕೆ ಬೀಳುತ್ತದೆ, ಐದು ದಿನದ ಮರಿ ನಾಲ್ಕು ದಿನದ್ದರಷ್ಟೇ ಬೆಳೆದಿರುತ್ತದೆ. ಪರೀಕ್ಷೆಗೆಂದು ಔಷಧ ಹಾಕಿದ ತಟ್ಟೆ ಎಸಿಯ ಗಾಳಿಗೆ ಹತ್ತಿರವಿದ್ದರೆ, ಹಿಂದುಳಿದ ಮರಿಯನ್ನು ಕಂಡು ತಪ್ಪನ್ನು ಔಷಧದ ಮೇಲೆ ಹೊರಿಸಿಬಿಡುತ್ತೇವೆ. ಕರಾವಳಿಯ ಸೆಕೆಯನ್ನು ನಂಬಿ ಇನ್‌ಕ್ಯುಬೇಟರ್ (ಉಷ್ಣತೆ ಒಂದೇ ಮಟ್ಟದಲ್ಲಿಡುವ ಪೆಟ್ಟಿಗೆ) ಬಿಡುವುದೂ ಸರಿಯಲ್ಲ. ಏಪ್ರಿಲ್‌ನಲ್ಲಿ ನೀರು 33ಕ್ಕೆ ಏರಿದರೆ ಮರಿ ಕಾಲು ಪಾಲು ಬೇಗ ಬೆಳೆಯುತ್ತದೆ.

ಇಲ್ಲಿಯ ಮುರಕಲ್ಲಿನ ಬಾವಿ ನೀರು ಮೆದು, ಸ್ವಲ್ಪ ಹುಳಿ. ನಳ್ಳಿ ನೀರಿನಲ್ಲಿ ಕ್ಲೋರಿನ್. ಮೊಟ್ಟೆಗಳಿಗೆ ಎರಡೂ ಬೇಡ. ಡಿಸ್ಟಿಲ್ಡ್ ನೀರಿಗೆ ಲವಣ ಬೆರೆಸಿದ ಇ3 ದ್ರಾವಣವೇ ಇರಲಿ, 10 ಸೆಂಟಿಮೀಟರ್ ತಟ್ಟೆಗೆ 50 ಮೊಟ್ಟೆ ಸಾಕು. ಬಿಳಿಚಿಕೊಂಡ ಮೊಟ್ಟೆಗಳನ್ನು ಅದೇ ದಿನ ತೆಗೆಯಬೇಕು. ಬಿಟ್ಟರೆ ಬೂಸ್ಟು ಹಿಡಿದು ಪಕ್ಕದ್ದೂ ಸಾಯುತ್ತದೆ.

ಮೀನುಗಳಿಗೆ ದಿನಕ್ಕೆ ಬೆಳಕು 14 ಗಂಟೆ, ಕತ್ತಲೆ 10 ಗಂಟೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಟೈಮರ್ ಹಿಂದೆ ಬಿದ್ದರೆ ಮೀನಿನ ಬೆಳಗು ತಪ್ಪುತ್ತದೆ, ಬೆಳಕು ಹತ್ತಿದೊಡನೆ ಆಗಬೇಕಾದ ಮೊಟ್ಟೆಯಿಡುವಿಕೆಯೂ ತಪ್ಪುತ್ತದೆ. ಬ್ಯಾಟರಿ ಇರುವ ಟೈಮರ್ ಹಾಕಿ. 96 ಗುಳಿಯ ತಟ್ಟೆಯಲ್ಲಿ ಚಲನೆ ಅಳೆಯುವಾಗ ಔಷಧ ಹಾಕಿದ ಮರಿ ಮತ್ತು ಔಷಧ ಕರಗಿಸುವ ದ್ರಾವಕ ಮಾತ್ರ ಹಾಕಿದ ಮರಿಗಳನ್ನು ಬೆರೆಸಿ ಹಂಚಿ. ಅಂಚಿನ ಗುಳಿಗಳಲ್ಲಿ ನೀರು ಬೇಗ ಆರುತ್ತದೆ. ಒಂದೇ ಗುಂಪು ಅಂಚಿಗೆ ಬಂದರೆ ನೀವು ಅಳೆಯುವುದು ಔಷಧವನ್ನಲ್ಲ, ಅಂಚನ್ನು.