ಕಬ್ಬೂ ಅಲ್ಲ, ಕಬ್ಬಿಣವೂ ಅಲ್ಲ

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ. ನಡುಮನೆಯಲ್ಲೇ ಮಗ್ಗ ಇತ್ತು. ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸಂಜೆವರೆಗೂ ಲಾಳಿಯ ಸದ್ದು. ಆ ಸದ್ದಿನಲ್ಲೇ ಓದಿದ್ದು, ಆ ಸದ್ದಿನಲ್ಲೇ ನಿದ್ದೆ ಮಾಡಿದ್ದು. ನಾನೂ ಅಕ್ಕನೂ ದಿನಾ ಜಗಳ ಆಡುತ್ತಿದ್ದದ್ದೂ ಅಲ್ಲೇ. ಅದರಲ್ಲಿ ಒಂದು ಜಗಳ ಮಾತ್ರ ನಲವತ್ತೈದು ವರ್ಷ ನಡೆಯಿತು.

ವಿಷಯ ಇಷ್ಟೇ. ಅಕ್ಕಿಪೇಟೆಯಲ್ಲಿ ಅಕ್ಕಿ, ಬಳೇಪೇಟೆಯಲ್ಲಿ ಬಳೆ. ಹಾಗಾದ್ರೆ ಕಬ್ಬನ್‌ಪೇಟೆಯಲ್ಲಿ ಏನು? ಕಬ್ಬು ಅಂತ ನಾನು. ಕಬ್ಬಿಣ ಅಂತ ಅಕ್ಕ. ನಮ್ಮ ಬೀದಿಯಲ್ಲಿ ಎರಡೂ ಇರಲಿಲ್ಲ, ಇದ್ದದ್ದು ರೇಷ್ಮೆ. ಸ್ಕೂಲಿನಲ್ಲಿ ಮೇಷ್ಟ್ರು "ಕಬ್ಬನ್ ಅಂದ್ರೆ ಒಬ್ಬ ಇಂಗ್ಲಿಷ್ ದೊರೆ" ಅಂದ ಮೇಲೂ ಅಕ್ಕ ಸೋಲಲಿಲ್ಲ. "ದೊರೆಯ ಮುತ್ತಾತ ಕಬ್ಬಿಣದ ಕೆಲಸ ಮಾಡ್ತಿದ್ದಿರಬೇಕು, ಅದಕ್ಕೇ ಆ ಹೆಸರು" ಅಂದಳು. ಈಗ ಯೋಚಿಸಿದರೆ ಅವಳ ತರ್ಕ ಪೂರ್ತಿ ತಪ್ಪೂ ಅಲ್ಲ. ಸ್ಮಿತ್ ಅನ್ನುವ ಹೆಸರು ಬಂದದ್ದು ಕಮ್ಮಾರಿಕೆಯಿಂದಲೇ ಅಲ್ವಾ.

ಹೋದ ಸೆಪ್ಟೆಂಬರ್‌ನಲ್ಲಿ ಮಗಳನ್ನು ನೋಡಲು ಲಿವರ್‌ಪೂಲ್‌ಗೆ ಹೊರಟೆ. ಅವಳು ಅಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಳೆ. ಹೊರಡುವ ಮೊದಲೇ ಹೆಸರಿನ ಕಾಟ ಶುರುವಾಯಿತು. ನನಗೆ ಸರ್‌ನೇಮ್ ಇಲ್ಲ. ಹಳೇ ಮೈಸೂರು ಕಡೆ ಬಹಳ ಜನಕ್ಕೆ ಇರುವುದಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು, ಮುಗೀತು. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಟಿಕೆಟ್ ಮಾಡುವ ಕಂಪ್ಯೂಟರ್‌ಗೆ ಖಾಲಿ ಜಾಗ ಕಂಡರೆ ಆಗದು. ಕೊನೆಗೆ ವಿಮಾನದ ಟಿಕೆಟ್ ಬಂದದ್ದು "ಭಾಗ್ಯ ಭಾಗ್ಯ" ಅಂತ. ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಕೂಗಿದ ಹಾಗೆ.

ಮಗಳು ಬೀಟಲ್ಸ್ ಬೆಳೆದ ಮನೆಗಳನ್ನೆಲ್ಲ ತೋರಿಸಿದಳು. ಆಮೇಲೆ, "ಇನ್ನೇನು ನೋಡ್ಬೇಕಮ್ಮ?" ಅಂದಳು.

"ಕಬ್ಬನ್ ಸಮಾಧಿ."

"ಅದು ಲಂಡನ್ನಲ್ಲಿ ಇರುತ್ತೆ ಅಲ್ವಾ?"

ಇಲ್ಲ. ನಮ್ಮ ಪೇಟೆಗೆ ಹೆಸರು ಕೊಟ್ಟ, ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇಂಗ್ಲೆಂಡಿನವನೇ ಅಲ್ಲ. ಅವನು ಐಲ್ ಆಫ್ ಮ್ಯಾನ್ ದ್ವೀಪದವನು. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಇರುವ ಪುಟ್ಟ ದ್ವೀಪ ಅದು. ಬ್ರಿಟನ್ನಿನ ರಾಜನಿಗೆ ಸೇರಿದ್ದು, ಆದರೆ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿಲ್ಲ. ಅವರದೇ ಪಾರ್ಲಿಮೆಂಟು ಇದೆ. ಹಳೆಯ ಭಾಷೆಯೂ ಬೇರೆ, ಮ್ಯಾಂಕ್ಸ್ ಅಂತ. ಮೇಷ್ಟ್ರು ಹೇಳಿದ "ಇಂಗ್ಲಿಷ್ ದೊರೆ" ಅನ್ನುವ ಮಾತನ್ನು ಅಲ್ಲಿ ಜೋರಾಗಿ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

"ಐಲ್ ಆಫ್ ಮ್ಯಾನ್? ಬೈಕ್ ರೇಸ್ ನಡೆಯುತ್ತಲ್ಲ ಅಲ್ಲಾ? ಬರ್ತೀನಿ ಬರ್ತೀನಿ."

"ರೇಸ್ ಜೂನ್‌ನಲ್ಲೇ ಮುಗಿದಿದೆ. ನಾವು ಹೋಗ್ತಿರೋದು ಸ್ಮಶಾನಕ್ಕೆ."

ಲಿವರ್‌ಪೂಲ್‌ನಿಂದ ಹಡಗಿನಲ್ಲಿ ಮೂರು ಗಂಟೆಗಿಂತ ಸ್ವಲ್ಪ ಕಮ್ಮಿ. ಹಡಗಿನ ಹೆಸರು ಮನಾನನ್. ಅದು ಆ ದ್ವೀಪದ ಸಮುದ್ರ ದೇವರ ಹೆಸರು. ಶತ್ರುಗಳು ಬಂದರೆ ಅವನು ತನ್ನ ಮಂಜಿನ ಕಂಬಳಿಯನ್ನು ದ್ವೀಪದ ಮೇಲೆ ಹೊದಿಸಿ ಮುಚ್ಚಿಬಿಡುತ್ತಾನಂತೆ. ನಾವು ಶತ್ರುಗಳೋ ನೆಂಟರೋ ಅವನಿಗೂ ಗೊತ್ತಾಗಲಿಲ್ಲ ಅನಿಸುತ್ತೆ. ಅರ್ಧ ದ್ವೀಪ ಕಂಡಿತು, ಅರ್ಧ ಮಂಜು. ರಾತ್ರಿ ಡಗ್ಲಸ್ ಪಟ್ಟಣದಲ್ಲಿ ಉಳಿದೆವು.

ಬೆಳಿಗ್ಗೆ ಟ್ರಾಮ್ ಹಿಡಿದೆವು. 1893ರಲ್ಲಿ ಶುರುವಾದ ವಿದ್ಯುತ್ ಟ್ರಾಮ್ ಅದು, ಮರದ ಡಬ್ಬಿ, ಮರದ ಸೀಟು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕುರಿ ಮೇಯುವ ಗುಡ್ಡ. ನಿಲ್ದಾಣಗಳ ಹೆಸರು ನೋಡಿದರೆ ಬಲ್ಲಾಗ್ಲಾಸ್, ಬಲ್ಲಾಜೋರಾ. ಬಲ್ಲಾ ಅಂದರೆ ಹೊಲಮನೆ, ಊರು. ನಮ್ಮಲ್ಲಿ "ಹಳ್ಳಿ" ಊರಿನ ಹೆಸರಿನ ಕೊನೆಗೆ ಬಂದರೆ, ಅವರಲ್ಲಿ ಬಲ್ಲಾ ಮುಂದೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್‌ಗೆ "ಮಾಗೋಲ್ಡ್‌ಗೆ ಹೋಗಬೇಕು" ಅಂದೆ. ಆತ ನಕ್ಕು "ಮ್ಯಾಕಲ್ಡ್" ಅಂತ ತಿದ್ದಿದ. ಬರೆಯುವುದೊಂದು, ಕರೆಯುವುದೊಂದು. ಬಲ್ಲಾಜೋರಾದಲ್ಲಿ ಇಳಿದು ಒಂದೂವರೆ ಕಿಲೋಮೀಟರ್ ನಡೆಯಿರಿ ಅಂದ. ಯಾಕೆ ಹೋಗ್ತಿದ್ದೀರಿ ಅಂತಲೂ ಕೇಳಿದ. ಅಲ್ಲಿಗೆ ಹೋಗುವ ಸೀರೆ ಉಟ್ಟವರು ಕಮ್ಮಿ ಇರಬೇಕು.

ಮ್ಯಾಕಲ್ಡ್‌ನ ಚರ್ಚು ಚಿಕ್ಕದು, ಸ್ಮಶಾನ ಮಾತ್ರ ದೊಡ್ಡದು. ಅದರೊಳಗೆ ಸಾವಿರ ವರ್ಷಕ್ಕೂ ಹಳೆಯ ಪುಟ್ಟ ಗುಡಿಗಳ ಅಡಿಪಾಯಗಳಿವೆ. ಒಂದು ಕಡೆ ಮಾಡು ಕಟ್ಟಿ ಹಳೆಯ ಕಲ್ಲಿನ ಶಿಲುಬೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಕೆಲವದರ ಮೇಲೆ ವೈಕಿಂಗರ ರೂನ್ ಅಕ್ಷರ. ನಮ್ಮ ವೀರಗಲ್ಲುಗಳ ಮಧ್ಯೆ ನಿಂತ ಹಾಗೇ ಅನಿಸಿತು. ಮಳೆ ಹನಿ ಹನಿ ಬೀಳುತ್ತಿತ್ತು.

ಸಮಾಧಿಗಳ ಮಧ್ಯೆ ನಡೆಯುತ್ತಾ ಮಗಳು ಮೊದಲು ಗಮನಿಸಿದ್ದು. "ಅಮ್ಮಾ, ಇಲ್ಲಿ ಎಲ್ಲರ ಸರ್‌ನೇಮೂ ಸಿ, ಕೆ, ಇಲ್ಲ ಅಂದ್ರೆ ಕ್ಯೂ!" ನಿಜ. ಕಾರ್ಲೆಟ್, ಕ್ರಿಶ್ಚಿಯನ್, ಕಾಲೋ, ಕೆರ್ರೂಯಿಶ್, ಕೆರ್ಮೋಡ್, ಕ್ವೇಲ್, ಕ್ವಿಲಿಯಮ್. ಶಾಲೆಯಲ್ಲಿ ಹಾಜರಿ ಪುಸ್ತಕದ ಮೂರೇ ಪುಟ ಸಾಕಾಗಿರಬೇಕು.

ಪಕ್ಕದಲ್ಲೇ ಒಬ್ಬ ಅಜ್ಜಿ ಮೊಣಕಾಲೂರಿ ಕೂತು ಯಾವುದೋ ಕಲ್ಲಿನ ಸುತ್ತ ಹುಲ್ಲು ಕತ್ತರಿಸುತ್ತಿದ್ದರು. ಅವರ ಹೆಸರೂ ಕ್ಯೂ ಅಕ್ಷರದ್ದೇ. ಅವರೇ ವಿವರಿಸಿದ್ದು. ಮೊದಲು ಇವೆಲ್ಲದರ ಮುಂದೆ ಮ್ಯಾಕ್ ಇತ್ತು. ಮ್ಯಾಕ್ ಅಂದರೆ ಅವರ ಗೇಲಿಕ್ ನುಡಿಯಲ್ಲಿ ಮಗ. ಸ್ಕಾಟ್ಲೆಂಡ್, ಐರ್ಲೆಂಡಿನವರು ಮ್ಯಾಕ್ ಅನ್ನು ಉಳಿಸಿಕೊಂಡರು. ಈ ದ್ವೀಪದ ಜನ ಆಡುತ್ತಾ ಆಡುತ್ತಾ "ಮ್ಯಾ" ನುಂಗಿದರು, "ಕ್" ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡಿತು. 1500ರ ಆಸುಪಾಸಿನ ಕಂದಾಯದ ಪಟ್ಟಿಗಳಲ್ಲಿ ಮ್ಯಾಕ್ ತುಂಬಿಕೊಂಡಿದೆ. 1600ರ ನಂತರ ಅದು ಮಾಯ. ಮ್ಯಾಕ್ ಲೂಕಾಸ್ ಹೋಗಿ ಕ್ಲೂಕಾಸ್ ಆಯಿತು. ಮ್ಯಾಕ್ ವಿಲಿಯಮ್ ಹೋಗಿ ಕ್ವಿಲಿಯಮ್ ಆಯಿತು. ಕಾರ್ಲೆಟ್ ಒಳಗೆ ಇರುವ ಅಪ್ಪ ವೈಕಿಂಗ್ ಮನುಷ್ಯ, ಅವನ ಹೆಸರಿನಲ್ಲಿ ಗುಡುಗಿನ ದೇವರು ಥಾರ್ ಇದ್ದಾನೆ.

"ಕಬ್ಬನ್?" ಅಂತ ಕೇಳಿದೆ.

"ಮ್ಯಾಕ್ ಗಿಬ್ಬನ್. ಗಿಬ್ಬನ್ ಮಗ."

ಗಿಬ್ಬನ್ ಅನ್ನುವುದು ಗಿಲ್ಬರ್ಟ್ ಅನ್ನುವ ಹೆಸರಿನ ಮುದ್ದು ರೂಪ. ಗಿಲ್ಬರ್ಟ್ ಅನ್ನು ಗಿಬ್ ಮಾಡಿ, ಗಿಬ್ ಅನ್ನು ಗಿಬ್ಬನ್ ಮಾಡಿದ್ದಾರೆ. ವೆಂಕಟೇಶನನ್ನು ವೆಂಕ, ವೆಂಕಣ್ಣ ಮಾಡುವ ಹಾಗೆ. ಗಿಲ್ಬರ್ಟ್ ಬಂದದ್ದು ಫ್ರಾನ್ಸಿನ ಕಡೆಯಿಂದ, ನಾರ್ಮನ್ನರ ಜೊತೆ. ಅಂದರೆ ನಮ್ಮ ಕಬ್ಬನ್‌ಪೇಟೆಯ ಬೋರ್ಡಿನಲ್ಲಿ ಫ್ರಾನ್ಸಿನ ತಾತ, ಗೇಲಿಕ್ ಮಗ, ಇಂಗ್ಲಿಷ್ ಸ್ಪೆಲಿಂಗ್ ಮೂವರೂ ಇದ್ದಾರೆ. ಬರೆದಿರುವುದು ಮಾತ್ರ ಕನ್ನಡ ಅಕ್ಷರದಲ್ಲಿ.

ನನಗೆ ಥಟ್ ಅಂತ ಹೊಳೆದದ್ದು ಬೇರೆ. ಅಪ್ಪನನ್ನು ಒಂದು ಅಕ್ಷರಕ್ಕೆ ಇಳಿಸಿ ಹೆಸರಿನ ಮುಂದೆ ಇಡುವುದು ನಾವು ಮಾಡುವ ಕೆಲಸ. ಇವರು ಮಗನನ್ನು ಒಂದು ಅಕ್ಷರಕ್ಕೆ ಇಳಿಸಿ ಅಪ್ಪನ ಹೆಸರಿಗೆ ಅಂಟಿಸಿದ್ದಾರೆ. ಇನಿಷಿಯಲ್ಲೇ ಅದು! ನಮ್ಮದು ತಲೆಮಾರಿಗೊಮ್ಮೆ ಬದಲಾಗುತ್ತೆ. ಅವರದು ಯಾವುದೋ ಒಬ್ಬ ಗಿಬ್ಬನ್ ಹತ್ತಿರ ನಿಂತುಬಿಟ್ಟಿದೆ. ಇದನ್ನು ಅಜ್ಜಿಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. "ಹಾಗಾದ್ರೆ ನಿಮ್ಮ ಸರ್‌ನೇಮ್ ಏನು?" ಅಂದರು. "ಭಾಗ್ಯ" ಅಂದೆ. "ಹೆಸರು?" "ಭಾಗ್ಯ." ಮಗಳು ಆ ಕಡೆ ತಿರುಗಿ ನಕ್ಕಳು.

ಅಜ್ಜಿ ಕೈ ಹಿಡಿದು ಇನ್ನೊಂದು ಕಲ್ಲಿನ ಹತ್ತಿರ ಕರೆದುಕೊಂಡು ಹೋದರು. ಕಪ್ಪು ಪಾಟಿಕಲ್ಲು, ಪಾಚಿ ಹಿಡಿದಿತ್ತು. ಬೆರಳಿನಿಂದ ಒರೆಸಿ ಓದಿದರು. ಹೆಂಗಸಿನ ಹೆಸರು, ಗಂಡನ ಮನೆತನದ ಹೆಸರು, ಆಮೇಲೆ "ಅಲಿಯಾಸ್", ಆಮೇಲೆ ಇನ್ನೊಂದು ಮನೆತನದ ಹೆಸರು. ನಮಗೆ ಅಲಿಯಾಸ್ ಅಂದರೆ ಪೇಪರಿನ ಕ್ರೈಂ ಪುಟ. ಬಾಂಬ್ ಸೀನ, ಕೋಳಿ ರಮೇಶ. ಪಾಪ ಈಯಮ್ಮ ಏನು ಮಾಡಿದ್ದಳೋ ಅಂದುಕೊಂಡೆ. ಏನೂ ಮಾಡಿರಲಿಲ್ಲ, ಮದುವೆ ಆಗಿದ್ದಳು ಅಷ್ಟೇ. ಈ ದ್ವೀಪದಲ್ಲಿ ಹೆಣ್ಣಿನ ತವರಿನ ಹೆಸರನ್ನು ಸಮಾಧಿ ಕಲ್ಲಿನ ಮೇಲೆ ಹೀಗೆ ಅಲಿಯಾಸ್ ಹಾಕಿ ಕೆತ್ತುವ ರೂಢಿ ಇತ್ತು. ಒಂದು ಸಾಲು ಮುಗಿಯುವುದರೊಳಗೆ ಅಂಥ ಐದು ಕಲ್ಲು ಸಿಕ್ಕವು. ನನಗೆ ಅದು ಯಾಕೋ ತುಂಬ ಇಷ್ಟವಾಯಿತು. ಮದುವೆಯಾದ ಮೇಲೆ ನಮ್ಮಲ್ಲಿ ಎಷ್ಟು ಜನ ಹೆಂಗಸರ ಇನಿಷಿಯಲ್ ಸದ್ದಿಲ್ಲದೆ ಬದಲಾಗಿದೆ, ಹಳೆಯದು ಎಲ್ಲೂ ಉಳಿದಿಲ್ಲ. ಇಲ್ಲಿ ಕಲ್ಲಿನ ಮೇಲಾದರೂ ಉಳಿದಿದೆ.

ಕಬ್ಬನ್ ಸಮಾಧಿಯನ್ನೂ ಅವರೇ ತೋರಿಸಿದರು. ಅಲ್ಲಿ ನಿಂತಾಗ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಕೈ ಮುಗಿಯಲು ಮನಸ್ಸು ಬರಲಿಲ್ಲ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡವರ ಕಡೆಯ ಮನುಷ್ಯ ಇವನು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಹಾಗಂತ ಮುಖ ತಿರುಗಿಸಲೂ ಆಗಲಿಲ್ಲ. ನನ್ನ ಬಾಲ್ಯದ ಅಡ್ರೆಸ್ ಇವನು! ಪಾದ್ರಿಯ ಮಗ. ತಂದೆ ಇದೇ ಚರ್ಚಿನಲ್ಲಿದ್ದವರು. ಸೋದರಮಾವ ಮಾರ್ಕ್ ವಿಲ್ಕ್ಸ್ ಆಗಲೇ ಕಂಪನಿ ಸೈನ್ಯದಲ್ಲಿ ಹೆಸರು ಮಾಡಿದ್ದ, ಮುಂದೆ ಮೈಸೂರಿನ ರೆಸಿಡೆಂಟ್, ಅಂದರೆ ಅರಮನೆಯಲ್ಲಿ ಕಂಪನಿಯ ಪ್ರತಿನಿಧಿಯೂ ಆದ. ಹುಡುಗ 1800ರಲ್ಲಿ ಮದ್ರಾಸಿಗೆ ಬಂದ. ಸೋದರಮಾವನಿದ್ದರೆ ದಾರಿ ಸಲೀಸು, ಯಾವ ದೇಶವಾದರೂ ಅಷ್ಟೇ. ಅರವತ್ತು ವರ್ಷ ಇಂಡಿಯಾದಲ್ಲೇ ಕಳೆದು, ಹುಷಾರಿಲ್ಲದೆ ಊರಿಗೆ ಹೊರಟವನು ಸೂಯೆಜ್‌ನಲ್ಲಿ ತೀರಿಕೊಂಡ. ಹೆಣವನ್ನು ಇಲ್ಲಿಗೆ ತಂದು ಮಣ್ಣು ಮಾಡಿದರು. ಮದುವೆಯಾಗಿರಲಿಲ್ಲ.

"ನಮ್ಮೂರಲ್ಲಿ ಇವನ ಹೆಸರಿನ ಪಾರ್ಕ್ ಇದೆ, ರಸ್ತೆ ಇದೆ, ಮೆಟ್ರೋ ಸ್ಟೇಷನ್ ಇದೆ, ಪೇಟೆ ಇದೆ" ಅಂತ ಅಜ್ಜಿಗೆ ಹೇಳಿದೆ. ಪಾರ್ಕಿನ ವಿಷಯ ಅವರಿಗೆ ಗೊತ್ತಿತ್ತು. ಪೇಟೆ ಗೊತ್ತಿರಲಿಲ್ಲ. "ಎಷ್ಟು ಜನ ದಿನಾ ಈ ಹೆಸರು ಹೇಳ್ತಾರೆ?" ಅಂದರು. ಲೆಕ್ಕ ಹಾಕಿದವರು ಯಾರು? ಲಕ್ಷಗಟ್ಟಲೆ ಅಂದೆ. ಅಜ್ಜಿ ಕತ್ತರಿ ಕೆಳಗಿಟ್ಟು ಸುಮ್ನೆ ನನ್ನನ್ನೇ ನೋಡಿದರು. 2021ರ ಜನಗಣತಿಯಲ್ಲಿ ಇಡೀ ದ್ವೀಪದ ಜನಸಂಖ್ಯೆ 84,069. ಬೆಂಗಳೂರಿನ ಹಳೇ ಲೆಕ್ಕದ ಎರಡು ವಾರ್ಡ್. ಅದರಲ್ಲೂ ದ್ವೀಪದಲ್ಲೇ ಹುಟ್ಟಿದವರು ಸುಮಾರು ಅರ್ಧ. ಉಳಿದವರು ಕೆಲಸಕ್ಕೆ, ಬ್ಯಾಂಕು ಹಣಕಾಸಿನ ವ್ಯವಹಾರಕ್ಕೆ ಹೊರಗಿನಿಂದ ಬಂದವರು. ಇಲ್ಲಿನವರು ಹೊರಗೆ ಹೋದದ್ದೂ ಹಳೇ ಕಥೆ. 1820ರ ದಶಕದಲ್ಲೇ ಹಡಗು ಹತ್ತಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕಡೆ ಹೋಗಿ ನೆಲೆಸಿದರು. ಮ್ಯಾಂಕ್ಸ್ ಅನ್ನೇ ತಾಯಿನುಡಿಯಾಗಿ ಆಡುತ್ತಿದ್ದ ಕೊನೆಯವರು, ನೆಡ್ ಮ್ಯಾಡ್ರೆಲ್ ಅನ್ನುವ ಮೀನುಗಾರ, 1974ರಲ್ಲಿ ತೀರಿಕೊಂಡರು. ಈಗ ಶಾಲೆ ಕಟ್ಟಿ ಮಕ್ಕಳಿಗೆ ಮತ್ತೆ ಕಲಿಸುತ್ತಿದ್ದಾರೆ. "ನನ್ನ ಮೊಮ್ಮಗಳು ನನಗಿಂತ ಚೆನ್ನಾಗಿ ಆಡ್ತಾಳೆ" ಅಂದರು ಅಜ್ಜಿ, ಸ್ವಲ್ಪ ಹೆಮ್ಮೆ, ಸ್ವಲ್ಪ ಹೊಟ್ಟೆಕಿಚ್ಚು.

ವಾಪಸ್ ಟ್ರಾಮಿನಲ್ಲಿ ಮಗಳು ಅವಳ ಪಾಠ ಶುರು ಮಾಡಿದಳು. ಒಳ್ಳೊಳ್ಳೆ ಮನೆತನದ ಹೆಸರುಗಳೆಲ್ಲ ಯಾಕೆ ಅಳಿದುಹೋಗ್ತಿವೆ ಅಂತ 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಅನ್ನುವ ವಿಜ್ಞಾನಿ ಒಂದು ಪತ್ರಿಕೆಯಲ್ಲಿ ಲೆಕ್ಕದ ರೂಪದಲ್ಲಿ ಪ್ರಶ್ನೆ ಹಾಕಿದನಂತೆ. ವಾಟ್ಸನ್ ಅನ್ನುವ ಪಾದ್ರಿ ಅದನ್ನು ಬಿಡಿಸಲು ಕೂತನಂತೆ. ಹೆಸರು ಗಂಡುಮಕ್ಕಳಲ್ಲಿ ಮಾತ್ರ ಮುಂದೆ ಹೋಗುತ್ತೆ ಅಂದ್ರೆ, ಯಾವುದೋ ಒಂದು ತಲೆಮಾರಿನಲ್ಲಿ ಗಂಡು ಹುಟ್ಟಲಿಲ್ಲ ಅಂದ್ರೆ ಅಲ್ಲಿಗೆ ಮುಗೀತು. ಯಾರ ತಪ್ಪೂ ಬೇಡ, ಬರೀ ಅದೃಷ್ಟದಾಟದಲ್ಲೇ ಹೆಸರುಗಳು ಒಂದೊಂದಾಗಿ ಉದುರುತ್ತವೆ. ಹೆಸರಿನವರು ಕಮ್ಮಿ ಇದ್ದಷ್ಟೂ ಬೇಗ. "ಈಗಲೂ ಅಣುಬಾಂಬಿನ ಲೆಕ್ಕಕ್ಕೂ ಇದೇ ಸೂತ್ರ ಬರುತ್ತೆ ಅಮ್ಮಾ" ಅಂದಳು.

ನಮ್ಮಜ್ಜಿಗೆ ಸೂತ್ರ ಗೊತ್ತಿರಲಿಲ್ಲ, ಲೆಕ್ಕ ಮಾತ್ರ ಗೊತ್ತಿತ್ತು. ನಾವಿಬ್ಬರೂ ಹೆಣ್ಣು ಅಂತ ಮಗ್ಗದ ಪಕ್ಕ ಕೂತು ನಿಟ್ಟುಸಿರು ಬಿಡುತ್ತಿದ್ದಳು. ವಂಶದ ಹೆಸರು ಹೋಯ್ತಲ್ಲ ಅಂತ. ಸರ್‌ನೇಮೇ ಇಲ್ಲದ ಮನೆಯಲ್ಲಿ ಹೋಗೋದಕ್ಕೆ ಯಾವ ಹೆಸರಿತ್ತೋ.

ಇನ್ನು ಮಕ್ಕಳೇ ಇಲ್ಲದ ಕಬ್ಬನ್ ಹೆಸರು ನೋಡಿ. ಪಾರ್ಕ್ ಆದದ್ದು 1870ರಲ್ಲಿ, ಅವನು ಸತ್ತು ಒಂಬತ್ತು ವರ್ಷಕ್ಕೆ. ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಅಂತ ಹೆಸರು, ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ಶ್ರೀ ಚಾಮರಾಜೇಂದ್ರ ಪಾರ್ಕ್ ಅಂತ ಬದಲಾಯಿಸಿದರು. ಸರ್ಕಾರಿ ಕಾಗದದಲ್ಲಿ ಹಾಗೇ ಇದೆ. ಆಟೋದವರಿಗೆ ಹಾಗಂತ ಹೇಳಿ ನೋಡಿ, ಮೃಗಾಲಯಕ್ಕೆ ಮೈಸೂರಿಗೆ ಹೋಗ್ಬೇಕಾ ಅಂತ ಕೇಳ್ತಾರೆ. 2020ರಲ್ಲಿ ಹೈಕೋರ್ಟ್ ಮುಂದಿದ್ದ ಅವನ ಕುದುರೆ ಸವಾರಿ ಪ್ರತಿಮೆಯನ್ನು ಎತ್ತಿ ಪಾರ್ಕಿನೊಳಗೆ ಇಟ್ಟರು. ಹೆಸರನ್ನು ಮಾತ್ರ ಯಾರಿಗೂ ಎತ್ತಲು ಆಗಿಲ್ಲ.

ಸಂಜೆ ಡಗ್ಲಸ್‌ನ ಸಮುದ್ರದ ದಂಡೆಯಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತೂವರೆ. ಅವಳು ಇನ್ನೂ ಅದೇ ಬೀದಿಯಲ್ಲಿ ಇದ್ದಾಳೆ, ಮಗ್ಗ ಮಾತ್ರ ಇಲ್ಲ. ಗಿಬ್ಬನ್, ಗಿಲ್ಬರ್ಟ್, ಮ್ಯಾಕ್ ಎಲ್ಲಾ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ಇಬ್ರೂ ಸೋತ್ವಿ ಅನ್ನು."

"ಹೂಂ."

"ಗಿಬ್ಬನ್ ಅಂದ್ಯಲ್ಲ, ಅವನೇನು ಕೆಲಸ ಮಾಡ್ತಿದ್ದ?"

"ಅದ್ಯಾರಿಗೆ ಗೊತ್ತು ಕಣೇ."

"ಕಬ್ಬಿಣದ ಕೆಲಸ ಇರ್ಬೇಕು" ಅಂದಳು. "ಅಲ್ಲಿ ಚಳಿ ಇದ್ಯಾ? ತಲೆಗೆ ಏನಾದ್ರೂ ಕಟ್ಕೊಂಡಿದ್ದೀಯಾ?"